ಹತ್ತರಲ್ಲಿ ಹನ್ನೆರಡು

ಹತ್ತೊಂಬತ್ತನೇ ವಯಸ್ಸಿನಲ್ಲಿ, ಮೊದಲ ಸಲ ಮೀನಿನ ಬುಟ್ಟಿ ಹೊತ್ತ ದಿನ, ನನ್ನ ಅಮ್ಮ ಸರೋಜ ಗಂಗೊಳ್ಳಿಯ ಬಂದರಿನಲ್ಲಿ ನಿಂತು ಅಜ್ಜಿಗೆ ಒಂದು ಮಾತು ಕೊಟ್ಟಿದ್ದಳು. ಯಾರು ಏನು ಕೇಳಿದರೂ ಮೊದಲ ಬಾಯಿಗೆ ನಿಜ ಹೇಳುವುದಿಲ್ಲ ಎಂಬ ಮಾತು.

ಅಜ್ಜಿ ಉಮಾವತಿ ಅದನ್ನು ಕೇಳಿದ್ದು ಮೀನಿನ ದರಕ್ಕಾಗಿ. "ಸುರುವಿಗೇ ನಿಜ ದರ ಹೇಳ್ರೆ ಅದ್ರಾಗೂ ಕಡ್ಮಿ ಕೇಂತ್ರ್. ಮತ್ತೆ ನೀ ಖಾಲಿ ಕೈಯಲ್ಲಿ ಮನಿಗ್ ಬಪ್ಪುದೇ" ಎಂದಿದ್ದರಂತೆ. ಮುನ್ನೂರು ಎನ್ನಬೇಕು, ಗಿರಾಕಿ ನೂರೈವತ್ತು ಎನ್ನಬೇಕು, ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಹೊತ್ತು ಅವಮಾನ ಮಾಡಿಕೊಂಡು ಇನ್ನೂರಕ್ಕೆ ಬಂದು ನಿಲ್ಲಬೇಕು. ಲೋಕ ನಡೆಯುವುದೇ ಹೀಗೆ. ಆದರೆ ಅಮ್ಮ ಎಂತದನ್ನೂ ಅರ್ಧಕ್ಕೆ ಮಾಡುವವಳಲ್ಲ. ಕೊಟ್ಟ ಮಾತನ್ನು ಮೀನಿನಿಂದ ಹಿಡಿದು ಬದುಕಿಗೆಲ್ಲ ಹಬ್ಬಿಸಿಬಿಟ್ಟಳು.

ಮನೆಮನೆಗೆ ಹೋಗಿ ಹೆಸರು, ವಯಸ್ಸು ಬರೆದುಕೊಳ್ಳುವವನೊಬ್ಬ ಬಂದಿದ್ದಾಗ ಅಮ್ಮನಿಗೆ ನಲವತ್ತೇಳು. ವಯಸ್ಸೆಷ್ಟು ಎಂದರೆ "ಅರವತ್ತ್" ಎಂದಳು. ಅವನು ನಲವತ್ತು ಎನ್ನಲಿ, ನಲವತ್ತೇಳಕ್ಕೆ ಮುಗಿಸುವ ಎಂಬ ಲೆಕ್ಕ. ಆ ಪುಣ್ಯಾತ್ಮ ಅರವತ್ತು ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದ. ಹಾಗಾಗಿ ಕಾಗದದಲ್ಲಿ ಅಮ್ಮ ತನ್ನ ಸ್ವಂತ ಅಕ್ಕನಿಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯ ಮಾತುಕತೆಯಲ್ಲೂ ಅಷ್ಟೇ. ಹುಡುಗ ಒಪ್ಪಿಗೆಯಾ ಎಂದು ಕೇಳಿದ್ದಕ್ಕೆ "ಇಲ್ಲೆ" ಎಂದಿದ್ದಳು. ಗಂಡಿನವರು ಅವಲಕ್ಕಿ ತಿಂದು ಬಸ್ಸು ಹತ್ತಿದರು. ಮರುದಿನ ಹುಡುಗ ದೇವು ಒಬ್ಬನೇ ವಾಪಸ್ಸು ಬಂದು ಇನ್ನೊಮ್ಮೆ ಕೇಳಿದ. ಆದ್ದರಿಂದ ನಾನು ಹುಟ್ಟಿದೆ.

ನಾನು ಧನ್ಯಶ್ರೀ. ಇರುವುದು ಬ್ರಹ್ಮಾವರದಲ್ಲಿ, ಒಂದು ಶಾಲೆಯ ಕಚೇರಿಯಲ್ಲಿ ಕೆಲಸ, ಮನೆಯಲ್ಲಿ ಇಬ್ಬರು ಮಕ್ಕಳು. ಕಳೆದ ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ, ಒಬ್ಬಳಿಗೆ ಜಡೆ ಹಾಕುತ್ತ ಇನ್ನೊಬ್ಬನಿಗೆ ಸಾಕ್ಸ್ ಹುಡುಕುತ್ತಿದ್ದಾಗ ಕುಸುಮಾವತಿ ದೊಡ್ಡಮ್ಮನ ಫೋನು ಬಂತು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಅಮ್ಮನ ಪಕ್ಕದಲ್ಲೇ ಕೂತು ಮಾರುವವರು ಅವರು.

"ಹ್ವಾಯ್ ಧನ್ಯಾ, ನಿನ್ನ ಅಬ್ಬಿಗೆ ಹುಷಾರಿಲ್ಲೆ ಕಾಣ್."

"ಎಂತ ಆಯ್ತ್ ದೊಡ್ಡಮ್ಮ? ಜ್ವರವಾ?"

"ಜ್ವರ ಆದ್ರೆ ನಾ ಫೋನ್ ಮಾಡ್ತಿದ್ನಾ? ಮುನ್ನೂರ್ ಹೇಳಿದ್ ಬಂಗ್ಡೆನ ಒಬ್ಬ ಬಂದ್ ನೂರಕ್ಕ್ ಕೇಂಡ. ಇವ್ಳ್ ಕೊಟ್ಟೇ ಬಿಟ್ಳ್ ಮಾರಾಯ್ತಿ! ಬೈಲೂ ಇಲ್ಲೆ!"

ನನ್ನ ಕೈಯಲ್ಲಿದ್ದ ಜಡೆ ಬಿಚ್ಚಿಹೋಯಿತು. ಅಮ್ಮ ಬೈಯದೆ ಮೀನು ಕೊಟ್ಟಳು ಎಂದರೆ ಸಣ್ಣ ಸಂಗತಿ ಅಲ್ಲ. ನೂರಕ್ಕೆ ಕೇಳಿದ ಆ ಗಿರಾಕಿಯೂ ಹೆದರಿ, ಮೀನು ಹಾಳಾಗಿದೆಯೋ ಎಂದು ಮೂಸಿ ನೋಡಿ, ಅಲ್ಲೇ ಇಟ್ಟು ಹೋದನಂತೆ.

ಆ ಭಾನುವಾರ ಗಂಗೊಳ್ಳಿಗೆ ಹೋಗಿ ನೋಡಿದೆ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯದ ಎರಡು ತಿಂಗಳಲ್ಲೇ ಸುರುವಾದದ್ದಂತೆ. ದೋಣಿ ಇಳಿದ ಮೇಲೂ ಅಮ್ಮ ಮಾತ್ರ ಏಳಲಿಲ್ಲ. ಮೂರು ಗಂಟೆಗೆ ಎಚ್ಚರವಾಗುತ್ತದೆ, ಆದರೆ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ, ಹೊತ್ತೇರಿದ ಮೇಲೆ ಉಳಿದ ಮೀನು ಹೊತ್ತು ಮಾರ್ಕೆಟ್ಟಿಗೆ ಹೋಗುತ್ತಾಳೆ. ರವಿಕೆ ಸಡಿಲವಾಗಿತ್ತು. ಮೊಮ್ಮಕ್ಕಳು ಮೈಮೇಲೆ ಬಿದ್ದರೆ ಅವರನ್ನು ಸಾಮಾನಿನಂತೆ ಪಕ್ಕಕ್ಕಿಟ್ಟಳು. ಅಪ್ಪನದ್ದು ಒಂದೇ ಸಿದ್ಧಾಂತ, ನೀರು ಕುಡಿದದ್ದು ಸಾಲದು. ಮಂಜುಗಡ್ಡೆ ಹಾಕುವ ಭೋಜ ಬಂದು, ಇದು ಗ್ಯಾಸು, ಜೀರಿಗೆ ಕಷಾಯ ಕೊಡಿ, ತನ್ನ ಎಮ್ಮೆಗೂ ಅದರಲ್ಲೇ ಕಡಿಮೆಯಾದದ್ದು ಎಂದ. ಅಮ್ಮ ಎಮ್ಮೆಯ ಕಷಾಯವನ್ನೂ ಬೈಯದೆ ಕುಡಿದಳು. ಆಗ ನಾನು ಅರ್ಧ ದಿನ ರಜೆ ಬರೆದೆ.

ಕುಂದಾಪುರದ ಮಾನಸಿಕ ತಜ್ಞೆ ಡಾಕ್ಟರ್ ನಿಶ್ಮಿತಾ ಹಾಲಾಡಿ ಕಡೆಯವರು. ಅವರ ತಂದೆ ಉಮಾನಾಥರದ್ದು ಹೋಟೆಲ್ ವ್ಯಾಪಾರ. ಡಾಕ್ಟರಮ್ಮ ಸಣ್ಣವರಿದ್ದಾಗ ಶಾಲೆ ಬಿಟ್ಟು ಬಂದು ಗಲ್ಲೆಯ ಪಕ್ಕದಲ್ಲಿ ಕೂತೇ ಓದಿದವರಂತೆ. ಬನ್ಸ್ ಎಷ್ಟು, ಕಾಫಿ ಎಷ್ಟು ಎಂದು ಗೋಡೆಯ ಬೋರ್ಡಿನಲ್ಲಿ ಬರೆದಿರುತ್ತದೆ, ಜನ ಅಷ್ಟನ್ನೇ ಕೊಟ್ಟು ಸೋಂಪು ಬಾಯಿಗೆ ಹಾಕಿಕೊಂಡು ಹೋಗುತ್ತಾರೆ. ಅಂಥ ಮನೆಯಲ್ಲಿ ಬೆಳೆದವರು. ಇದನ್ನೆಲ್ಲ ನಾನು ಆಮೇಲೆ ಯೋಚಿಸಿದ್ದು.

"ಕೂಕಣಿ ಸರೋಜಮ್ಮ. ನಿದ್ರೆ ಹೇಗಿದೆ? ಬೆಳಗಿನ ಜಾವ ಬೇಗ ಎಚ್ಚರ ಆಗ್ತದಾ?"

"ಮೂರ್ ಗಂಟಿಗೆ."

ಡಾಕ್ಟರು ಗಂಭೀರವಾಗಿ ಬರೆದುಕೊಂಡರು. "ಎಷ್ಟು ದಿನದಿಂದ?"

"ಮೂವತ್ನಾಲ್ಕ್ ವರ್ಷದಿಂದ. ಮೀನ್ ನಂಗೆ ಕಾಯ್ತಾ ಕೂಕಂಬುದಿಲ್ಲೆ ಅಲ್ದಾ ಅಮಾ."

ಬರೆದದ್ದನ್ನು ಹೊಡೆದುಹಾಕಿ ಅವರು ಬೇರೆ ಪ್ರಶ್ನೆಗಳಿಗೆ ಹೋದರು. ಬದುಕುವುದೇ ಬೇಡ ಎಂದು ಯಾವಾಗಲಾದರೂ ಅನಿಸಿದೆಯಾ ಎಂದೂ ಕೇಳಿದರು. "ಛೇ, ಇಲ್ಲೆ" ಎಂದಳು ಅಮ್ಮ. ಕೊನೆಗೆ ಪೆನ್ನು ಹಿಡಿದು, "ಒಂದು ಅಂದಾಜಿಗೆ ಹೇಳಿ, ನಿಮ್ಮ ಬೇಸರ ಹತ್ತರಲ್ಲಿ ಎಷ್ಟು?" ಎಂದರು.

ಎಷ್ಟು ಎಂಬ ಶಬ್ದಕ್ಕೆ ಅಮ್ಮ ನೆಟ್ಟಗೆ ಕೂತಳು.

"ಹನ್ನೆರಡ್."

"ಹತ್ತರ ಒಳಗೆ ಹೇಳ್ಬೇಕು."

"ಆಯ್ತ್ ಹಾಂಗಾರೆ, ಹತ್ತ್."

ಅಮ್ಮನ ಮುಖದಲ್ಲಿ ಎರಡು ತಿಂಗಳಿಂದ ಕಾಣದ ಒಂದು ಸಣ್ಣ ಬೆಳಕು. ಡಾಕ್ಟರು "ಹತ್ತು" ಎಂದು ಬರೆದು ಪುಟ ತಿರುವಿದರು. ಬೆಳಕು ಆರಿತು. ಅದು ರೋಗದ್ದೇ ಲಕ್ಷಣ ಎಂದುಕೊಂಡು ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಹತ್ತರಲ್ಲಿ ಹತ್ತು! ನನ್ನ ಮಗಳಿಗೆ ಗಣಿತದಲ್ಲೂ ಬಂದದ್ದಿಲ್ಲ.

ಡಾಕ್ಟರು ಕಾಗದದ ಮೇಲೆ ಮೆದುಳಿನ ಚಿತ್ರ ಬರೆದು ವಿವರಿಸಿದರು. "ಇಲ್ಲೊಂದು ಅಪಾಯದ ಗಂಟೆ ಇದೆ ಅಂತಿಟ್ಟುಕೊಳ್ಳಿ. ಹೆದರಿಕೆ, ಒತ್ತಡ ಬಂದಾಗ ಬಾರಿಸ್ತದೆ. ಸುದ್ದಿ ಕೆಳಗೆ ಕಿಡ್ನಿ ಮೇಲೆ ಕೂತಿರುವ ಸಣ್ಣ ಗ್ರಂಥಿಗೆ ಹೋಗ್ತದೆ. ಅದು ಕಾರ್ಟಿಸಾಲ್ ಎನ್ನುವ ರಸ ಬಿಡ್ತದೆ. ಆ ರಸ ರಕ್ತದಲ್ಲಿ ಹರಿದು ಪುನಃ ಮೆದುಳಿಗೇ ಬಂದು, ಸಾಕು, ಗಂಟೆ ನಿಲ್ಲಿಸು ಅಂತ ಹೇಳ್ಬೇಕು. ಕೆಲವರಲ್ಲಿ ತುಂಬಾ ದಿನ ಒತ್ತಡ ಇದ್ದರೆ, ಸಾಕು ಅಂದದ್ದು ಗಂಟೆಗೆ ಕೇಳುವುದೇ ಇಲ್ಲ."

"ಕೆಮಿ ಕೇಂತಿಲ್ಯಾ ಅದ್ಕೆ?"

"ಹೆಚ್ಚುಕಡಿಮೆ ಹಾಗೇ."

"ನಮ್ಮನಿಯವ್ರೂ ಹಾಂಗೇ" ಎಂದಳು ಅಮ್ಮ.

ಎಲ್ಲರಲ್ಲೂ ಹೀಗೇ ಆಗುತ್ತದೆ ಎಂದಲ್ಲ, ವಿಜ್ಞಾನಿಗಳಿಗೂ ಇನ್ನೂ ಪೂರ್ತಿ ಗೊತ್ತಿಲ್ಲ ಎಂದು ಡಾಕ್ಟರು ಪ್ರಾಮಾಣಿಕವಾಗಿ ಸೇರಿಸಿದರು. ಆ ರಸದಲ್ಲಿ ಬಹಳ ದಿನ ನೆನೆದರೆ ಮೆದುಳಿನ ನರಗಳ ಸಣ್ಣ ಸಣ್ಣ ಕವಲುಗಳು ಮುರುಟಿಕೊಳ್ಳುತ್ತವೆ. ಗುಳಿಗೆ ನುಂಗಿದ ದಿನವೇ ಸೆರೊಟೋನಿನ್ ಎಂಬ ವಸ್ತು ಹೆಚ್ಚುತ್ತದೆ, ಆದರೆ ಕವಲು ಪುನಃ ಚಿಗುರಬೇಕಲ್ಲ, ಮನಸ್ಸಿಗೆ ಗುಣ ತಿಳಿಯಲು ಮೂರು ನಾಲ್ಕು ವಾರ ಬೇಕು.

"ನಾಲ್ಕ್ ವಾರವಾ?" ಅಮ್ಮ ನನ್ನ ಕಡೆ ತಿರುಗಿದಳು. "ನಾಲ್ಕ್ ವಾರ ಇಟ್ರೆ ಎಂತದಾದ್ರೂ ನಾರತ್ತ್ ಅಲ್ದನೇ?"

ದಿನಾ ಅರ್ಧ ಗಂಟೆ ನಡೆಯಬೇಕು, ಸಮುದ್ರದ ದಂಡೆಯಾದರೆ ಮನಸ್ಸಿಗೆ ಹಿತ ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ಅಮ್ಮ ಹೇಳಿದ್ದು ಇಷ್ಟೇ: "ಸಮುದ್ರ ಕಂಡ್ರೆ ನಂಗೆ ಕೆಲ್ಸ ನೆನಪಾತ್ತ್. ಹೋಟೆಲ್ ಕಂಡ್ರೆ ಇವ್ರಿಗೆ ಹಿತ ಆತ್ತಾ ಕೇಣ್ಕಿತ್ತ್."

ನಾಲ್ಕು ವಾರ ಕಳೆದು ಎರಡನೇ ಭೇಟಿ. "ಈಗ ಹತ್ತರಲ್ಲಿ ಎಷ್ಟು?" "ಹತ್ತ್." ಡಾಕ್ಟರು ಹುಬ್ಬು ಗಂಟಿಕ್ಕಿ ಹತ್ತು ಮಿಲಿಗ್ರಾಮಿನ ಗುಳಿಗೆಯನ್ನು ಇಪ್ಪತ್ತಕ್ಕೆ ಏರಿಸಿದರು. ಅದರಿಂದ ಅಮ್ಮನಿಗೆ ಆಕಳಿಕೆ ಸುರುವಾಯಿತು. ಮಾಮೂಲಿ ಆಕಳಿಕೆ ಅಲ್ಲ. ಮಾರ್ಕೆಟ್ಟಿನಲ್ಲಿ ಅಮ್ಮ ಬಾಯಿ ತೆರೆದರೆ ಸಾಲಿನಲ್ಲಿ ಕೂತ ಹದಿನಾಲ್ಕು ಹೆಂಗಸರೂ ಒಬ್ಬರ ಹಿಂದೆ ಒಬ್ಬರು ಬಾಯಿ ತೆರೆದು, ಕೊನೆಗೆ ಗಿರಾಕಿಗಳೂ ತೆರೆದು, ಹತ್ತು ನಿಮಿಷ ವ್ಯಾಪಾರವೇ ನಿಲ್ಲುತ್ತಿತ್ತಂತೆ. "ಆ ಗುಳ್ಗಿ ನಿಲ್ಸ್ತ್ರ್ಯಾ, ನಮ್ಗೂ ಕೊಡ್ತ್ರ್ಯಾ" ಎಂದು ದೊಡ್ಡಮ್ಮ ಫೋನಿನಲ್ಲಿ ಕೂಗಿದರು.

ವಿಚಿತ್ರವೆಂದರೆ ಆಕಳಿಕೆಗಳ ನಡುವೆ ಅಮ್ಮ ಚಿಗುರುತ್ತಿದ್ದಳು. ನನ್ನ ಮಗನ ಕೆನ್ನೆ ಹಿಂಡಿದಳು. ಭೋಜನಿಗೆ, ಎಮ್ಮೆಯ ಕಷಾಯ ಎಮ್ಮೆಗೇ ಇರಲಿ ಎಂದು ವಾರಗಟ್ಟಲೆ ತಡವಾಗಿ ಬೈದಳು. ಮೂರನೇ ಭೇಟಿಗೆ ಹೊರಟ ದಿನ ಬಸ್ಸಿನಲ್ಲಿ, ತ್ರಾಸಿಯಿಂದ ಹೆಮ್ಮಾಡಿಯವರೆಗೆ, ಬುಟ್ಟಿಗೆ ಲಗೇಜು ಟಿಕೆಟ್ಟು ಕೇಳಿದ ಕಂಡಕ್ಟರನೊಡನೆ ಒಂದೇ ಉಸಿರಿಗೆ ಜಗಳವಾಡಿದಳು. ಅವನು ತಲ್ಲೂರಿನಲ್ಲಿ ಸೋತು ಹಿಂದಿನ ಬಾಗಿಲಿಗೆ ಹೋದ. ನನಗೆ ಕುಣಿಯುವ ಹಾಗಾಯಿತು. ಇವತ್ತು ಡಾಕ್ಟರು ಮೂರೋ ನಾಲ್ಕೋ ಬರೆದುಕೊಳ್ಳುತ್ತಾರೆ ಎಂದುಕೊಂಡೇ ಒಳಗೆ ಹೋದೆ.

"ಹತ್ತರಲ್ಲಿ ಎಷ್ಟು ಸರೋಜಮ್ಮ?"

"ಹತ್ತ್."

ಡಾಕ್ಟರು ಪೆನ್ನು ಕೆಳಗಿಟ್ಟರು. ಎರಡು ತಿಂಗಳಾದರೂ ಹತ್ತೇ ಇದ್ದರೆ ಈ ಗುಳಿಗೆ ಹಿಡಿಯಲಿಲ್ಲ ಎಂದೇ ಅರ್ಥ. ಬೇರೆ ಔಷಧಿಗೆ ಬದಲಾಯಿಸಬೇಕು. ಅದಕ್ಕೂ ಜಗ್ಗದಿದ್ದರೆ ದೊಡ್ಡ ಆಸ್ಪತ್ರೆಗೆ ಸೇರಿಸಿ, ಅರಿವಳಿಕೆ ಕೊಟ್ಟು, ವಿದ್ಯುತ್ತಿನ ಚಿಕಿತ್ಸೆ ಕೊಡುವುದುಂಟು, ಜನ ಹೆದರುವಷ್ಟು ಭಯಂಕರ ಅಲ್ಲ ಎಂದು ನನಗೆ ಮೆಲ್ಲಗೆ ತಿಳಿಹೇಳತೊಡಗಿದರು.

ನಾನು ತಡೆಯಲಾರದೆ ಹೇಳಿದೆ. "ಡಾಕ್ಟ್ರೆ, ಇವ್ಳು ಈಗಷ್ಟೇ ಕಂಡಕ್ಟ್ರನ್ನು ಅಳಿಸಿ ಬಂದಿದ್ದಾಳೆ. ಬೆಳಿಗ್ಗೆ ಎಂಟು ನೀರ್ದೋಸೆ ತಿಂದಿದ್ದಾಳೆ."

"ಏಳ್" ಎಂದಳು ಅಮ್ಮ.

ಡಾಕ್ಟರು ಅಮ್ಮನನ್ನೇ ನೋಡಿದರು. "ಸರೋಜಮ್ಮ, ನಿಜಕ್ಕೂ ಹತ್ತಾ?"

ಅಮ್ಮನಿಗೆ ಎರಡು ತಿಂಗಳ ಸಿಟ್ಟು ಒಟ್ಟಿಗೆ ಬಂತು. "ಹತ್ತ್ ನಾ ಹೇಳು ದರ ಅಮಾ! ನೀವ್ ಕೇಂಬುದ್ ಎಷ್ಟಕ್ಕಂದ್ ಹೇಳ್ಲೇ ಇಲ್ಯಲೆ! ಸುರುವಿಗ್ ಹನ್ನೆರಡ್ ಹೇಳ್ದೆ, ಹತ್ತಕ್ಕ್ ಇಳ್ಸಿದ್ರಿ. ಹೋ, ಹೆಣ್ಣ್ ವ್ಯಾಪಾರ ಬಲ್ಲುದ್ ಅಂದ್ಕಂಡೆ. ಅಲ್ಲಿಗೇ ಸುಮ್ಗಾದ್ರಿ!"



"ಹಾಗಾದ್ರೆ ನೀವೇ ಇಳಿಸ್ಬಹುದಿತ್ತಲ್ಲ?" ಎಂದರು ಡಾಕ್ಟರು.

"ಯಾರೂ ಕೇಣ್ದೇ ನಾನಾಗಿ ಇಳ್ಸುದಾ? ಮೀನ್ ಹಾಳಾಯ್ತ್ ಅಂಬ್ರ್!"

ನಾನು ತಲೆ ಹಿಡಿದುಕೊಂಡೆ. ಅಜ್ಜಿಯ ಕಥೆ, ಅರವತ್ತು ವರ್ಷದ ಕಥೆ, ನಾನು ಹುಟ್ಟಿದ ಕಥೆ ಎಲ್ಲವನ್ನೂ ಮೂರು ನಿಮಿಷದಲ್ಲಿ ಡಾಕ್ಟರಿಗೆ ಹೇಳಿ ಮುಗಿಸಿದೆ. ಅವರು ಕೇಳಿದರು, ಕನ್ನಡಕ ತೆಗೆದು ಒರೆಸಿದರು, ಪುಸ್ತಕದ ಕನ್ನಡವನ್ನು ಪಕ್ಕಕ್ಕಿಟ್ಟು ಮನೆಯ ಮಾತಿಗೆ ಇಳಿದರು.

"ಆಯ್ತ್. ಹಾಂಗಾರೆ ನಾನೂ ಕೇಂತೆ. ಒಂಬತ್ತೂವರೆ?"

ಅಮ್ಮ ಹಣೆ ಚಚ್ಚಿಕೊಂಡಳು. "ದೇವ್ರೇ! ಹೀಂಗ್ ಕೇಂಡ್ರೆ ನಿಮ್ಮನ್ನ ಮಾರ್ಕೆಟ್ಟಲ್ ಮಾರಿ ಕಳ್ಸ್ತ್ರ್. ಎರ್ಡ್ ಅಂದೇಳಿ ಸುರು ಮಾಡ್ಕ್. ಮೋರೆ ಹುಳಿ ಮಾಡ್ಕ್."

"ಎರ್ಡ್" ಎಂದರು ಡಾಕ್ಟರು, ಮೋರೆ ಹುಳಿ ಮಾಡಿ.

"ಎರ್ಡಕ್ಕೆ ನೆಗಡಿಯೂ ಬತ್ತಿಲ್ಲೆ! ಹತ್ತ್!"

"ಮತ್ತೆಂತ ಮಾಡುದ್?"

"ಎದ್ದ್ ಹೊರಡ್ಕ್!"

"ಎಲ್ಲಿಗೆ? ಇದ್ ನಂದೇ ಕ್ಲಿನಿಕ್."

"ಬ್ಯಾರೆ ಕಡೆ ಕಾಂತೆ ಅಂದೇಳಿ ಹೊರಡ್ಕ್ ಅಮಾ! ಬ್ಯಾಗ್ ಹೆಗ್ಲಿಗ್ ಹಾಕಣಿ!"

ಡಾಕ್ಟರ್ ನಿಶ್ಮಿತಾ, ಎಂ.ಡಿ., ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲು ತೆರೆದು ಹೊರನಡೆದರು. ಹೊರಗೆ ಕಾಯುತ್ತಿದ್ದ ಹನ್ನೊಂದು ಮಂದಿ ಒಟ್ಟಿಗೆ ಎದ್ದು ನಿಂತರು. ಚೀಟಿ ಬರೆಯುವ ಪಾಂಡು ಒಂದು ಮಾತೂ ಕೇಳದೆ ರಿಜಿಸ್ಟರು ಮುಚ್ಚಿ, ಫ್ಯಾನು ಆರಿಸಿ, ಟಿಫಿನ್ ಕ್ಯಾರಿಯರು ಕೈಗೆತ್ತಿಕೊಂಡ. ಅಷ್ಟರಲ್ಲಿ ಒಳಗಿಂದ ಅಮ್ಮನ ಮಾರ್ಕೆಟ್ಟಿನ ಸ್ವರ, ಆ ಹಳೆಯ ಸ್ವರ, ಗೋಡೆ ದಾಟಿ ಬಂತು.

"ಬನ್ನಿ ಬನ್ನಿ ಅಮಾ, ಎಂಟಕ್ಕ್ ಕೊಡ್ತೆ!"

"ಎಂಟಕ್ಕ್ ಎಂತ ಕೊಡುದ್ ಒಳ್ಗೆ? ನಮ್ಗೂ ಇತ್ತಾ?" ಎಂದು ಬೆಂಚಿನ ತುದಿಯಲ್ಲಿದ್ದ ಅಜ್ಜ ಕೇಳಿದರು.

ಡಾಕ್ಟರು ವಾಪಸ್ಸು ಬಂದರು. ಮುಖ ಕೆಂಪಾಗಿತ್ತು, ಕಣ್ಣು ಮಿನುಗುತ್ತಿದ್ದವು. ಬೋರ್ಡು ನೋಡಿ ಹಣ ಕೊಡುವ ಜನರ ನಡುವೆ ಬೆಳೆದವರಿಗೆ ಈ ರುಚಿ ಮೊದಲ ಸಲ ಸಿಕ್ಕಿರಬೇಕು. ಮೂರು ಎಂದರು. ಅಮ್ಮ ಏಳೂವರೆ ಎಂದಳು. ಡಾಕ್ಟರು, ಇಂಥ ಬೇಸರ ಬೈಂದೂರಲ್ಲಿ ನಾಲ್ಕಕ್ಕೆ ಸಿಗುತ್ತದೆ ಎಂದರು. ಅಮ್ಮ, ಬೈಂದೂರಿನದ್ದು ನಿನ್ನೆಯದ್ದು, ಇದು ಇವತ್ತಿನದ್ದು ಎಂದಳು. ನಾನು ಗಡಿಯಾರ ನೋಡುತ್ತಿದ್ದೆ, ಮಕ್ಕಳ ಶಾಲೆ ಬಿಡುವ ಹೊತ್ತಾಗುತ್ತಿತ್ತು. ಕೊನೆಗೆ ಆರಕ್ಕೆ ವ್ಯಾಪಾರ ಕುದುರಿತು. ಡಾಕ್ಟರು ಗೆದ್ದವರ ಹಾಗೆ ಕಡತ ಎಳೆದುಕೊಂಡು "ಆರು" ಎಂದು ಬರೆದರು.

ಬರೆದು, ಪೆನ್ನು ಎತ್ತದೆ ಹಾಗೇ ಕೂತರು.

"ಸರೋಜಮ್ಮ, ಆರು ಅಂದ್ರೆ... ನಿಮ್ಮ ಮನಸ್ಸು ನಿಜಕ್ಕೂ ಆರಾ?"

"ಅಲ್ಲ. ಆರ್ ಅಂದ್ರೆ ನಂಗೂ ನಷ್ಟ ಇಲ್ಲೆ, ನಿಮ್ಗೂ ನಷ್ಟ ಇಲ್ಲೆ."

ಅವರು ಆ ಆರನ್ನು ಮೆಲ್ಲಗೆ ಹೊಡೆದುಹಾಕಿದರು. ರಾಜಿಯಾದ ಅಂಕಿ ನೋಡಿ ಗುಳಿಗೆ ಬರೆಯಲಾಗುವುದಿಲ್ಲ ಎಂದರು. ಮತ್ತೆ ಕಡತದ ಹಿಂದಿನ ಪುಟಗಳನ್ನು ತಿರುವಿ, ಮೊದಲ ಭೇಟಿಯ ಹಾಳೆಗೆ ಬಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಅವರ ಮುಖದ ಕೆಂಪು ಇಳಿಯುವುದನ್ನು ನಾನು ನೋಡಿದೆ.

"ಬದುಕುವುದು ಬೇಡ ಅನಿಸಿದ್ದುಂಟಾ ಅಂತ ಅವತ್ತು ಕೇಳಿದ್ದೆ. ಇಲ್ಲ ಅಂದಿದ್ರಿ. ಅದು ಮೊದಲ ಬಾಯಿಯದ್ದಾ?"

ಅಮ್ಮ ಸೆರಗಿನ ತುದಿ ಹಿಡಿದುಕೊಂಡಳು. ಹೊರಗೆ ಪಾಂಡು ಪುನಃ ಫ್ಯಾನು ಹಾಕಿದ್ದು ಕೇಳಿಸಿತು.

"ಇದಕ್ಕೆ ದರ ಇಲ್ಲ ಸರೋಜಮ್ಮ. ನಾನು ಕಡಿಮೆ ಕೇಳುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಒಂದೇ ಸಲ ಕೇಳ್ತೇನೆ. ಅನಿಸಿತ್ತಾ?"

ಅಮ್ಮ ನನ್ನನ್ನು ನೋಡಲಿಲ್ಲ.

"ಹೌದ್" ಎಂದಳು. "ಮಳೆಗಾಲದಲ್ ಎರ್ಡ್ ಸಲ ಅನ್ಸಿತ್. ಎಂತಕ್ಕಂದ್ ಗೊತ್ತಿಲ್ಲೆ. ಆಮೇಲೆ ಒಂದ್ಸಲೂ ಇಲ್ಲೆ."

ಮಗಳ ನೀರಿನ ಬಾಟಲಿ ನನ್ನ ಚೀಲದಲ್ಲೇ ಉಳಿದಿತ್ತು. ಅದರ ಮುಚ್ಚಳವನ್ನು ನಾನು ತಿರುಗಿಸುತ್ತಲೇ ಇದ್ದೆ. ಆ ಎರಡು ಸಲವೂ ನಾನು ಬ್ರಹ್ಮಾವರದಲ್ಲಿ ಯಾರದ್ದೋ ಸಾಕ್ಸ್ ಹುಡುಕುತ್ತಿದ್ದಿರಬೇಕು. ಅಮ್ಮನ ಕೈ ಹಿಡಿದೆ. ಮೀನು ಕೊಯ್ಯುವ ಬೀಸುಕತ್ತಿ ಹಿಡಿದು ಗಟ್ಟಿಯಾದ ಕೈ. ಅವಳು ಬಿಡಿಸಿಕೊಳ್ಳಲಿಲ್ಲ.

"ಹೇಳಿದ್ದು ಒಳ್ಳೆದಾಯ್ತು" ಎಂದರು ಡಾಕ್ಟರು. "ಇನ್ನು ಹಾಗೆ ಅನಿಸಿದ್ರೆ ಅದೇ ದಿನ ಮಗಳಿಗೆ, ಇಲ್ಲವೇ ನನಗೆ ಫೋನ್ ಮಾಡ್ಬೇಕು."

"ಮಾರ್ಕೆಟ್ ಹೊತ್ತಿಗಾ?"

"ಯಾವ ಹೊತ್ತಿಗಾದ್ರೂ." ಅವರು ಹೊಸ ಹಾಳೆ ತೆಗೆದರು. "ಈಗ ಹೇಳಿ. ಹತ್ತರಲ್ಲಿ ಎಷ್ಟು?"

ಅಮ್ಮನ ತುಟಿ ಅಭ್ಯಾಸದಂತೆ ಒಮ್ಮೆ ತೆರೆಯಿತು, ಮುಚ್ಚಿತು.

"ನಾಲ್ಕ್."

"ಮೂರಕ್ಕ್ ಬತ್ತಿಲ್ಯಾ?" ಎಂದುಬಿಟ್ಟರು ಡಾಕ್ಟರು. ಹೊಸದಾಗಿ ಕಲಿತ ವಿದ್ಯೆ, ಬಾಯಿಂದ ಜಾರಿತ್ತು. ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಇಲ್ಲೆ" ಎಂದಳು ಅಮ್ಮ. "ನಾಲ್ಕೇ. ಬರ್ಕಣಿ."

ಅವರು ನಾಲ್ಕು ಎಂದು ಬರೆದರು. ಆಕಳಿಕೆ ಕಡಿಮೆಯಾಗಲಿ ಎಂದು ಗುಳಿಗೆಯನ್ನು ಹದಿನೈದಕ್ಕೆ ಇಳಿಸಿದರು, ಗುಣವಾಯಿತೆಂದು ನಾವಾಗಿ ನಿಲ್ಲಿಸಬಾರದು ಎಂದರು.

ಅಜ್ಜಿಗೆ ಕೊಟ್ಟ ಮಾತನ್ನು ಅಮ್ಮ ಆ ದಿನ ಎರಡು ಸಲ ಮುರಿದಳು.